ಬಷೀರ್ ಸಾಬರು ಗಮನಾರ್ಹರೇ?

ಯಾರು ದೊಡ್ಡವರು, ಯಾರು ಅಲ್ಲ ಅನ್ನೋದನ್ನು ತೀರ್ಮಾನಿಸುವ ಕೆಲಸವನ್ನು ತಲೆ ನೆಟ್ಟಗಿರುವ ಯಾರೂ ಒಪ್ಪಿಕೊಳ್ಳಬಾರದು. ನಾನು ಒಪ್ಪಿಕೊಂಡೆ. ಚನ್ನಪಟ್ಟಣದ ಹೈಸ್ಕೂಲಿನಲ್ಲಿ ಮಕ್ಕಳನ್ನು ಪಾಸು ಫೇಲು ಮಾಡುತ್ತಿದ್ದ ಕೈ ನಿವೃತ್ತಿಯಾದ ಮೇಲೂ ಸುಮ್ಮನಿರಲಿಲ್ಲ. ಅಂತರಜಾಲದ ವಿಶ್ವಕೋಶವೊಂದಕ್ಕೆ ಸಂಬಳವಿಲ್ಲದ ಸಂಪಾದಕನಾದೆ. ಅಲ್ಲಿ ಒಬ್ಬರ ಹೆಸರಲ್ಲಿ ಪುಟ ಇರಬೇಕಾದರೆ ಅವರು 'ಗಮನಾರ್ಹ'ರಾಗಿರಬೇಕು. ಅಂದರೆ ಅವರಿಗೆ ಸಂಬಂಧವೇ ಇಲ್ಲದ ಯಾರೋ ಅವರ ಬಗ್ಗೆ ಬರೆದು ಅಚ್ಚಾಗಿರಬೇಕು. ಇಲ್ಲದಿದ್ದರೆ ಏಳು ದಿನ ಕಾದು ಅಳಿಸಬೇಕು. ಅಳಿಸುವ ಅಧಿಕಾರ ನನ್ನದು. ಅದೆಷ್ಟು ತಲೆಗೇರಿತ್ತೆಂದರೆ, ಹೆಂಡತಿ "ಕಾಫಿ ಲೋಟ ತೊಳೆದಿಡ್ರೀ" ಅಂದರೆ "ಪರಿಶೀಲನೆಯಲ್ಲಿದೆ" ಅಂದುಬಿಟ್ಟಿದ್ದೆ.

ಹೀಗಿರುವಾಗ ಅಕ್ಕೂರಿನಲ್ಲಿ ರೇಷ್ಮೆ ಬೆಳೆಯುವ ನನ್ನ ಬಾಮೈದ ಶಿವಣ್ಣ, ಬಷೀರ್ ಸಾಬರ ಮೇಲೆ ಒಂದು ಪುಟ ಬರೆದು ಹಾಕಿದ. ಸಾಬರು ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡು ಕೊಂಡು ನೂಲು ತೆಗೆಯುವ ಹಳೇ ರೀಲರು. ಒಂದು ಹಿಡಿ ಗೂಡು ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿ, ನೂಲು ಹೇಗೆ ಬರುತ್ತದೆ ಅಂತ ಹೇಳಿಬಿಡುತ್ತಾರೆ. ಒಮ್ಮೆ ಶಿವಣ್ಣನ ಗೂಡು ನೋಡಿ, "ಹುಳ ಗೂಡು ಕಟ್ಟೋವಾಗ ಕಿಟಕಿ ಮುಚ್ಚಿದ್ದೆ ಅಲ್ವೇನಪ್ಪಾ?" ಅಂದರಂತೆ. ಇವನು ಮಳೆಗೆ ಹೆದರಿ ಮುಚ್ಚಿದ್ದು ಅಕ್ಕೂರಿನ ಮನೆಯಲ್ಲಿ! ಅಂದಿನಿಂದ ಇವನಿಗೆ ಸಾಬರೆಂದರೆ ದೇವರು. ಪುಟ ಬಂದದ್ದೇ ತಡ, ಸಾಬರು ಮೈಸೂರಿನ ಬೀಗರಿಗೆಲ್ಲ ಫೋನು ಮಾಡಿ, ಪುಟ ನೋಡಿ ಅಂದಿದ್ದರು. ಪುಟದಲ್ಲಿ ಪುರಾವೆ ಮಾತ್ರ ಒಂದೂ ಇಲ್ಲ. ಅಳಿಸಿದರೆ ಬೀಗರ ಮುಂದೆ ಸಾಬರ ಮಾನ ಹೋಗುತ್ತದೆ. ಬಿಟ್ಟರೆ ನನ್ನ ನಿಯಮ ಹೋಗುತ್ತದೆ. ನನಗೆ ದಿಕ್ಕೇ ತೋಚದಂತಾಯಿತು.

"ಏನಾದ್ರೂ ಅಚ್ಚಾಗಿರೋದು ತಾರಯ್ಯ" ಅಂದೆ. ಮಾರನೇ ದಿನವೇ ಶಿವಣ್ಣ ಒಂದು ಚೀಲ ತಂದು ಸುರಿದ. ಹತ್ತೋ ಹನ್ನೆರಡೋ ಮದುವೆ ಕಾರ್ಡು, ಎಲ್ಲದರಲ್ಲೂ ಸುಖಾಗಮನ ಬಯಸುವವರಲ್ಲಿ ಸಾಬರ ಹೆಸರು. ಮೇಲೊಂದು ಫ್ಲೆಕ್ಸಿನ ಫೋಟೋ; ಸಾಬರು ಶಾಲು ಹೊದ್ದು ಕಿವಿಗೆ ಫೋನಿಟ್ಟುಕೊಂಡು ನಿಂತಿದ್ದಾರೆ. ಇದೆಲ್ಲ ಅವರ ಕಡೆಯವರೇ ಹಾಕಿಸಿದ್ದು, ಸಂಬಂಧ ಇಲ್ಲದವರು ಬರೆದದ್ದು ಬೇಕು ಅಂದೆ. "ಸಂಬಂಧ ಇಲ್ದೋರು ಯಾಕ್ ಬರೀತಾರೆ ಭಾವ? ಅವ್ರಿಗೇನು ಬ್ಯಾರೆ ಕೆಲ್ಸ ಇಲ್ವಾ?" ಅಂದ. ಯೋಚಿಸಿದಷ್ಟೂ ಅವನು ಹೇಳಿದ್ದೇ ಸರಿ ಅನ್ನಿಸತೊಡಗಿತು.

ಕೊನೆಗೆ ಆರನೇ ದಿನ ಬಸ್ಸು ಹತ್ತಿ ನಾನೇ ಮಾರುಕಟ್ಟೆಗೆ ಹೋದೆ. ಸಾಬರು ಟೀ ತರಿಸಿದರು. "ಒಬ್ಬರು ವಿಜ್ಞಾನಿ ಬಂದಿದ್ರು ಮೇಷ್ಟ್ರೇ. ಮೂರು ದಿನ ನನ್ ಪಕ್ಕ ಕೂತು ಎಲ್ಲಾ ಬರ್ಕೊಂಡು ಹೋದ್ರು. ಬುಕ್ಕೂ ಬಂತು" ಅಂದರು. ನನಗೆ ಜೀವ ಬಂತು. ತರಿಸಿ ನೋಡಿದರೆ ಒಂದು ಅಧ್ಯಾಯವಿಡೀ ಗೂಡು ಅಲ್ಲಾಡಿಸುವ ವಿದ್ಯೆ. ಸಾಬರ ಹೆಸರು ಮಾತ್ರ ಎಲ್ಲೂ ಇಲ್ಲ. ಪುಟಪುಟಕ್ಕೂ "ಅನುಭವಿಗಳ ಪ್ರಕಾರ" ಅಂತಿದೆ. "ಆ ಅನುಭವಿಗಳು ನಾನೇ" ಅಂತ ಸಾಬರು ನಾಚಿಕೊಂಡು ನಕ್ಕರು. ರಕ್ಷಾಪುಟದಲ್ಲಿ ವಿಜ್ಞಾನಿಯ ಹೆಸರು ನೋಡಿ ಟೀ ಲೋಟ ಕೆಳಗಿಟ್ಟೆ. ಹೋದ ವರ್ಷ ಅವರ ಪುಟವನ್ನು ಉಳಿಸಿದವನು ನಾನೇ. ಪುರಾವೆ, ಇದೇ ಪುಸ್ತಕವನ್ನು ಹೊಗಳಿ ಪತ್ರಿಕೆಯಲ್ಲಿ ಬಂದ ವಿಮರ್ಶೆ.

ನಾಚಿಕೆಯಿಂದಲೇ ನಿಯಮ ವಿವರಿಸಿದೆ. ಸಾಬರು ಗಮನವಿಟ್ಟು ಕೇಳಿ, "ನಿಮ್ ಪುಟ ಐತಾ ಅದ್ರಲ್ಲಿ?" ಅಂದರು. ಇಲ್ಲ ಅಂದೆ. "ಸಂಬಳ?" ಅದೂ ಇಲ್ಲ ಅಂದೆ. ಅವರು ಅಯ್ಯೋ ಪಾಪ ಅನ್ನುವಂತೆ ನನ್ನ ಕೈ ಹಿಡಿದುಕೊಂಡು, "ನಾನ್ ಬೇಕಾದ್ರೆ ಆ ಪುಟದೋರಿಗೆ ಒಂದ್ ಮಾತು ಹೇಳ್ಲಾ, ನಿಮ್ ಬಗ್ಗೆ?" ಅಂದರು.

ಏಳನೇ ದಿನ ಪುಟ ಅಳಿಸಿದೆ. ಮೂರು ಸಲ ಕೈ ಹಿಂದೆ ತೆಗೆದು, ನಾಲ್ಕನೇ ಸಲ ಕಣ್ಣು ಮುಚ್ಚಿಕೊಂಡು ಒತ್ತಿದೆ. ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಸಂಜೆ ಶಿವಣ್ಣನ ಫೋನು ಬಂತು. ಬೈಗುಳಕ್ಕೆ ಸಿದ್ಧನಾಗಿಯೇ ಎತ್ತಿಕೊಂಡೆ. "ಸಾಬ್ರು ಬೀಗ್ರಿಗೂ ಮಾರ್ಕೆಟ್ಟಿಗೂ ಹೇಳ್ಬುಟ್ಟವ್ರೆ ಭಾವ, ಮೇಷ್ಟ್ರುನ್ನ ಯಾರೂ ಬೈಬ್ಯಾಡಿ, ಪಾಪ ಅಲ್ಲಿ ಅವ್ರ ಮಾತು ಯಾರೂ ಕೇಳಾಕಿಲ್ಲ ಅಂತ."

ಈಗ ರಾಮನಗರದಲ್ಲಿ ಬಸ್ಸು ಇಳಿದರೆ ಸಾಕು, ಮುಖ ಪರಿಚಯವೇ ಇಲ್ಲದ ರೀಲರುಗಳು ನನ್ನನ್ನು ಕರೆದು, ಕೂರಿಸಿ, ಟೀ ಕುಡಿಸಿ, ಮರುಕದಿಂದ ನೋಡುತ್ತಾರೆ. ನನಗೆ ಸಂಬಂಧವೇ ಇಲ್ಲದ ಇಷ್ಟೊಂದು ಜನ ನನ್ನ ಬಗ್ಗೆ ಮಾತಾಡುತ್ತಿದ್ದಾರೆ. ಒಬ್ಬರಾದರೂ ಅಚ್ಚು ಹಾಕಿಸಬಾರದೇ!