ಫಿಕರಿನ ಪಾಳಿ

ಚಿಂತೆಯನ್ನು ಹಿಡಿದು ಡಬ್ಬಿಯಲ್ಲಿ ಮುಚ್ಚಿಟ್ಟ ಮನುಷ್ಯ ಹುಣಸಗಿ ಸುತ್ತಮುತ್ತ ನಾನೊಬ್ಬನೇ ಇರಬೇಕು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಡಬ್ಬಿ ತೆರೆದಾಗ ಏನಾಯಿತು ಎಂಬುದು ಬೇರೆ ಮಾತು!

ನಾನು ಹುಟ್ಟಾ ಫಿಕರಿನವನು. ಶಾಲೆಗೆ ಹೊರಟರೆ ಬಾಗಿಲ ಕೀಲಿಯನ್ನು ಮೂರು ಸಲ ಜಗ್ಗಿ ನೋಡಬೇಕು. ಒಮ್ಮೆ ಬಸ್ಸಿನಲ್ಲಿ ಇನ್ನೇನು ಸುರಪುರ ಬಂತು ಎನ್ನುವಾಗ, ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ರಂಗಂಪೇಟೆಯಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಮನೆಗೆ ಓಡಿ ಬಂದೆ. ಗ್ಯಾಸಿನ ಮುಂದೆ ನನ್ನ ಹೆಂಡತಿ ಶರಣಮ್ಮ ಆರಾಮಾಗಿ ರೊಟ್ಟಿ ಬಡಿಯುತ್ತಿದ್ದಳು!

ಕೊನೆಗೆ ಎದೆ ಡವಡವ ಎನ್ನುವುದು ಹೆಚ್ಚಾಗಿ ಸುರಪುರದ ಡಾಕ್ಟರರಿಗೆ ತೋರಿಸಿದೆ. ಅವರು ಎಲ್ಲ ತಪಾಸಣೆ ಮಾಡಿ ನಕ್ಕರು.

"ಮಾಸ್ತರ, ನಿಮಗ ಬಿಪಿ ಇಲ್ಲ, ಶುಗರ್ ಇಲ್ಲ. ಇರೋದು ಬರೇ ಫಿಕರ್. ಅದಕ್ಕ ದಿನಾ ಅರ್ಧ ತಾಸು ಟೈಮ್ ಗೊತ್ತು ಮಾಡ್ರಿ. ಉಳಿದ ಹೊತ್ತಿನ್ಯಾಗ ಫಿಕರ್ ಬಂತಂದ್ರ ಚೀಟ್ಯಾಗ ಬರದು ತೆಗೆದಿಡ್ರಿ. ಆ ಟೈಮಿಗೇ ನೋಡ್ರಿ."

ನನಗೆ ತಟ್ಟನೆ ಹೊಳೆಯಿತು. ಇದು ನಮ್ಮ ಕಾಲುವೆಯ ಪಾಳಿಯೇ ಅಲ್ಲವೇ! ಊರಿಗೆ ಕಾಲುವೆ ಬಂದಾಗಿನಿಂದ ಯಾವ ಗದ್ದೆಗೆ ಯಾವಾಗ ನೀರು ಎಂದು ಪಾಳಿ ಇದೆ; ಕಾಲುವೆಯ ಕೊನೆಗಿರುವ ನಮ್ಮಂಥ ಕಡೀ ಗದ್ದೆಗಳಿಗೆ ಎಲ್ಲರ ನಂತರ. ಪಾಳಿ ಮುಗಿದರೆ ಗೇಟು ಬಂದ್. ಆ ಪಾಳಿಯನ್ನು ನಮ್ಮ ಮನೆಯ ಮುಂದಿನ ಕರಿಹಲಗೆಯ ಮೇಲೆ ಬರೆಯುವವನೂ ನಾನೇ. ಅಕ್ಷರ ದುಂಡಗಿದೆ ಎಂದು ಊರವರು ನಂಬಿ ನನಗೆ ಒಪ್ಪಿಸಿದ ಏಕೈಕ ಅಧಿಕಾರ ಅದು.

ಭಾನುವಾರ ಬೆಳಿಗ್ಗೆ ಎದ್ದವನೇ ಹಲಗೆಯನ್ನು ಸ್ವಚ್ಛವಾಗಿ ಒರೆಸಿ, ಮನೆಗೆ ಬಂದುಹೋಗುವವರಿಗೆಲ್ಲ ತಿಳಿಯಲೆಂದು ಬರೆದೆ: "ಇಂದಿನ ಪಾಳಿ ಸಂಜೆ ಐದರಿಂದ ಐದೂವರೆ. ಉಳಿದ ವೇಳೆ ಗೇಟು ಬಂದ್. ಯಾರೂ ಒತ್ತಾಯ ಮಾಡಬಾರದು." ಕೆಳಗೆ ಸಹಿಯನ್ನೂ ಹಾಕಿದೆ.

ಒಳಗೆ ಬಂದು ಕೂತೊಡನೆ ಮನಸ್ಸು ಚುರುಕ್ ಎಂದಿತು. ಹಲಗೆಯ ಮೇಲೆ ಮೊದಲು ಏನೋ ಇತ್ತಲ್ಲ? ಹಿಂದಿನ ನಾನಾಗಿದ್ದರೆ ಎದ್ದು ಓಡುತ್ತಿದ್ದೆ. ಈಗಿನ ನಾನು ಬೇರೆ! "ಹಲಗೆಯಲ್ಲಿ ಏನೋ ಅಳಿಸಿದ್ದೇನೆ. ಏನದು?" ಎಂದು ಚೀಟಿ ಬರೆದು ಖಾಲಿ ಚಹಾಪುಡಿ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ. ಎಂಥ ನೆಮ್ಮದಿ!

ಹತ್ತು ಗಂಟೆಗೆ ಬಾಜೂ ಮನೆಯ ಸಾಯಬಣ್ಣ ಬಂದ. ಅವನ ಭತ್ತದ ಗದ್ದೆ ನಮ್ಮ ಗದ್ದೆಯ ಕೆಳಗೇ ಇದೆ.

"ಮಾಸ್ತರ, ಹಲಗಿ ಮ್ಯಾಲ ಬರದದ್ದು ಖರೇನ್ರಿ?"

"ಖರೇನ ಅದ ಸಾಯಬಣ್ಣ. ಇವತ್ತಿನಿಂದ ಹಿಂಗ."

"ಬರೇ ಅರ್ಧ ತಾಸಾ? ಅಷ್ಟರಾಗ ಹ್ಯಾಂಗ ಸಾಕಾಗ್ತದ್ರಿ?"

"ಸಾಕು. ಇಷ್ಟು ದಿನಾ ಹಗಲೆಲ್ಲಾ ಹರಿಬಿಟ್ಟಿದ್ದಕ್ಕ ಎಲ್ಲಾ ಕೆಟ್ಟುಹೋಗಿತ್ತು."

"ಯಾರು ಹೇಳ್ಯಾರ್ರಿ?"

"ಸುರಪುರದಾಗ ದೊಡ್ಡವರು ಹೇಳ್ಯಾರ."

ನನ್ನ ಚಿಕಿತ್ಸೆಯ ಬಗ್ಗೆ ಅವನಿಗಿದ್ದ ಆಸಕ್ತಿ ಕಂಡು ನನ್ನ ಕಣ್ಣು ತೇವವಾಯಿತು. ಅವನು ತಲೆ ಹಿಡಿದುಕೊಂಡು ಹೋದದ್ದು ಮಾತ್ರ ಯಾಕೆಂದು ತಿಳಿಯಲಿಲ್ಲ.

ಊಟದ ಹೊತ್ತಿಗೆ ಶರಣಮ್ಮ, "ಏನ್ರಿ, ಇವತ್ತು ನೀರಿಂದು..." ಎಂದಳು.

"ಶ್! ಫಿಕರಿನ ಮಾತು ಐದಕ್ಕ. ಚೀಟಿ ಬರದು ಡಬ್ಬ್ಯಾಗ ಹಾಕು."

ಅವಳು ಚೀಟಿ ಬರೆದು ಡಬ್ಬಿಗೆ ಹಾಕಿ, ಸಲಿಕೆ ಹೆಗಲಿಗೇರಿಸಿ ಹೊರಟಳು. ನಾನು ಮೂಗಿನಿಂದ ಉಸಿರು ಎಳೆದು ಬಾಯಿಯಿಂದ ಬಿಡುತ್ತಾ ಮಲಗಿದೆ. ಎದೆ ಡವಡವ ಎನ್ನಲಿಲ್ಲ. ಗೊರಕೆ ಮಾತ್ರ ಬಂದಿರಬೇಕು.

ಸರಿಯಾಗಿ ಐದಕ್ಕೆ, ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು, ಡಬ್ಬಿ ತೆರೆದೆ. ಮೊದಲ ಚೀಟಿ ನನ್ನದು. ಎರಡನೆಯದು ಶರಣಮ್ಮನದು: "ಎರಡರಿಂದ ಆರರ ತನಕ ನಮ್ಮ ಕಡೀ ಗದ್ದಿಗಳ ಪಾಳಿ ಅದ. ನೀರು ಕಟ್ಟಾಕ ಹೋಗೀನಿ."

ಅಯ್ಯೋ! ಬೆಳಿಗ್ಗೆ ನಾನು ಒರೆಸಿದ್ದು ಅದನ್ನೇ!

ಕಾಲುವೆಗೆ ಓಡಿದೆ. ಹನ್ನೆರಡು ಮಂದಿ ಸಲಿಕೆ ಹಿಡಿದು ಆಗತಾನೇ ಬಂದು ನಿಂತಿದ್ದರು. ಎದುರಿಗೆ ನೋಡಿದರೆ, ನಮ್ಮ ಗದ್ದೆ ಬದು ಮಟ್ಟ ತುಂಬಿ ತಳತಳ ಹೊಳೆಯುತ್ತಿತ್ತು. ಉಳಿದ ಎಲ್ಲರ ಗದ್ದೆ ಒಣ ಒಣ.

"ಭಾಳ ಶಾಣ್ಯಾ ಇದ್ದೀರಿ ಮಾಸ್ತರ," ಎಂದ ಸಾಯಬಣ್ಣ. "ನಮಗ ಐದಕ್ಕ ಬಾ ಅಂತ ಬರದು, ನೀವು ಎರಡಕ್ಕ ಹೆಂಡ್ತಿನ ಕಳಸೀರಿ."

ಅಂಥ ಮಾತನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಆದರೆ ಅದಕ್ಕಿಂತ ನೋವಾದದ್ದು ಎಲ್ಲರಿಗಿಂತ ಕೆಳಗಿನ ಗದ್ದೆಯ ನಿಂಗಮ್ಮನನ್ನು ನೋಡಿ. ಆ ಮುದುಕಿ ಬೈಯಲೂ ಇಲ್ಲ. ತುದಿ ಹಳದಿಯಾದ ಸಸಿಯೊಂದನ್ನು ಬೆರಳಲ್ಲಿ ಹಿಡಿದು, "ಮುಂದಿನ ಪಾಳಿ ತನಕಾ ಇವು ಉಳಿಯಂಗಿಲ್ಲಪ್ಪಾ," ಎಂದಳು, ಅಷ್ಟೇ.

"ಅದು ನೀರಿನ ಪಾಳಿ ಅಲ್ಲ!" ಎಂದು ಕೂಗಿದೆ. "ನನ್ನ ಫಿಕರಿನ ಪಾಳಿ!"

ಡಾಕ್ಟರು, ಚೀಟಿ, ಡಬ್ಬಿ ಎಲ್ಲವನ್ನೂ ಒದರಿದೆ. ಯಾರೂ ನಂಬಲಿಲ್ಲವೆಂದು ಕಾಣುತ್ತದೆ. ಆಗ ಶರಣಮ್ಮನೇ ಬದುವಿನ ಮೇಲಿಂದ, "ಖರೇ ಅದರಿ. ಮಧ್ಯಾಹ್ನ ನನ್ನ ಕಡಿಂದ ಸೈತ ಚೀಟಿ ಬರಸ್ಯಾರ," ಎಂದು ಸಾಕ್ಷಿ ಹೇಳಿ, ಸಲಿಕೆಯನ್ನು ನನ್ನ ಕೈಗೆ ಕೊಟ್ಟಳು.

ನಮ್ಮ ಗದ್ದೆಯ ಬದುವನ್ನು ನಾನೇ ಕಡಿದೆ. ಮೂರನೆಯ ಏಟಿಗೆ ಬದು ಒಡೆಯಿತು, ನಾಲ್ಕನೆಯ ಏಟಿಗೆ ನಾನು ಜಾರಿದೆ. ನೀರಿಗಿಂತ ಮುಂಚೆ ಸಾಯಬಣ್ಣನ ಗದ್ದೆ ತಲುಪಿದವನು ನಾನು, ಇಸ್ತ್ರಿ ಪ್ಯಾಂಟಿನ ಸಮೇತ! ಸಿಟ್ಟಿನಲ್ಲಿದ್ದ ಸಾಯಬಣ್ಣನೇ ಮೊದಲು ನಕ್ಕ. ಆಮೇಲೆ ಎಲ್ಲರೂ ಸಲಿಕೆ ಹಾಕಿ, ಮೊದಲು ನಿಂಗಮ್ಮನ ಸಸಿಗೇ ನೀರು ಹರಿಸಿದರು. ಆರಕ್ಕೆ ಗೇಟು ಬೀಳುವಷ್ಟರಲ್ಲಿ ಎಲ್ಲರ ಗದ್ದೆಯೂ ತಕ್ಕಮಟ್ಟಿಗೆ ನೆನೆದಿತ್ತು. ನಮ್ಮದರಲ್ಲಿ ಮಾತ್ರ ಕೆಸರು ಉಳಿಯಿತು.

ಮರುದಿನ ಐದಕ್ಕೆ ಕಟ್ಟೆಯ ಮೇಲೆ ಡಬ್ಬಿ ಹಿಡಿದು ಕೂತೆ. ಸೋಲೊಪ್ಪುವವನಲ್ಲ ನಾನು! ನೋಡಿದರೆ ನಿಂಗಮ್ಮ ಬಂದಳು.

"ಮಾಸ್ತರಪ್ಪಾ, ಇಲ್ಲಿ ಫಿಕರಿಗಿ ಪಾಳಿ ಅದಂತಲ್ಲ. ನಂದೂ ಒಂದು ಚೀಟಿ ಬರಿ. ಮಗಳು ಹಡ್ಯಾಕ ಬಂದಾಳ, ಜೀವ ನಿಲ್ಲವಲ್ದು."

ಬರೆದೆ. ಬೆನ್ನಿಗೇ ಸಾಯಬಣ್ಣ ಬಂದ, ಅವನ ಹಿಂದೆ ಮತ್ತಿಬ್ಬರು. ಈಗ ದಿನಾಲೂ ಹೀಗೆಯೇ ನಡೆದಿದೆ. ನಿಂಗಮ್ಮನಿಗೆ ಮೊಮ್ಮಗಳು ಹುಟ್ಟಿ ತಿಂಗಳಾಯಿತು, ಆದರೂ ಬರುವುದು ಬಿಟ್ಟಿಲ್ಲ. ಹಲಗೆಯ ಮೇಲೆ ನೀರಿನ ಪಾಳಿ ಬರೆಯುವ ಅಧಿಕಾರವನ್ನು ಊರವರು ಶರಣಮ್ಮನಿಗೆ ಕೊಟ್ಟಿದ್ದಾರೆ. ನನ್ನ ಪಾಲಿಗೆ ಡಬ್ಬಿ; ಅದರಲ್ಲೂ ಬಂದವರ ಚೀಟಿ ಮೊದಲು, ನನ್ನದು ಎಲ್ಲರ ಕಡೆಗೆ.

ಮೊನ್ನೆ ಡಾಕ್ಟರರು ಪರೀಕ್ಷೆ ಮಾಡಿ, "ಭಾಳ ಸುಧಾರಿಸೀರಿ ಮಾಸ್ತರ! ಈಗ ಫಿಕರ್ ಬರೂದಿಲ್ಲೇನು?" ಎಂದರು.

"ಬರ್ತದ್ರಿ," ಎಂದೆ. "ಆದ್ರ ನಂದು ಕಡೀ ಗದ್ದಿ. ನನ್ನ ಪಾಳಿ ಬರೂದ್ರಾಗ ಗೇಟು ಬಂದ್ ಆಗಿರ್ತದ."