ಬೀಳುವ ಮೊದಲೇ ನಕ್ಕವನು

ಕತ್ತಲಲ್ಲಿ ಮೈಕು ಹಿಡಿದು ಬದುಕುವವನ ಪಾಲಿಗೆ ಇಂಥ ಪ್ರಸಂಗಗಳು ಕರೆಯದೆ ಬರುವ ನೆಂಟರು. ಬೇಡವೆಂದರೂ ಬರುತ್ತವೆ, ಬಂದರೆ ಚಹಾ ಕುಡಿಯದೆ ಹೋಗುವುದಿಲ್ಲ.

ನನ್ನ ಕಸುಬೇ ಅಂಥದ್ದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದೂ ಊರಲ್ಲಿ ಸಂತೆಯ ದಿನ ಯಾವುದಾದರೂ ಖಾಲಿ ಗೋದಾಮು ಹಿಡಿದು, ಕಿಟಕಿಗೆ ಗೋಣಿಚೀಲ ಬಡಿದು, ಬಿಳಿ ಬಟ್ಟೆ ಕಟ್ಟಿ ನಮ್ಮ ಮಾಲೀಕರು ಸಿನಿಮಾ ತೋರಿಸುತ್ತಾರೆ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಅಮಾವಾಸ್ಯೆ. ಚಿತ್ರ ದೂರದ ಯಾವುದೋ ದೇಶದ್ದು. ಅದರಲ್ಲೊಬ್ಬ ಪೊಲೀಸಪ್ಪ. ಒದೆಯುತ್ತಾನೆ, ಒದೆಸಿಕೊಳ್ಳುತ್ತಾನೆ, ಎಲ್ಲೆಲ್ಲಿಂದಲೋ ಬೀಳುತ್ತಾನೆ, ಎದ್ದು ಹಲ್ಲು ಕಿಸಿಯುತ್ತಾನೆ. ಅವರ ಭಾಷೆ ನಮಗೆ ತಿಳಿಯದ್ದರಿಂದ ಮಾಲೀಕರು ಚಿತ್ರದ ಸದ್ದನ್ನು ಪೂರ್ತಿ ಬಂದ್ ಮಾಡಿಬಿಡುತ್ತಾರೆ. ಪರದೆಯ ಪಕ್ಕ ಸ್ಟೂಲಿನ ಮೇಲೆ ಕೂತು ಎಲ್ಲರ ಮಾತೂ ನಾನೇ ಆಡಬೇಕು. ಪೊಲೀಸಪ್ಪ, ಕಳ್ಳ, ಕಳ್ಳನ ತಂಗಿ, ಗಾಜು ಒಡೆಯುವುದು, ನಾಯಿ ಬೊಗಳುವುದು, ಎಲ್ಲ ನನ್ನದೇ ಗಂಟಲು. ಜನ ನನ್ನನ್ನು ಮೈಕ್ ಮೇಷ್ಟ್ರು ಅನ್ನುತ್ತಾರೆ. ಶಾಲೆಯಲ್ಲಿ ನಾನು ಪಾಠ ಮಾಡಿದವನಲ್ಲ, ಸರಿಯಾಗಿ ಕಲಿತವನೂ ಅಲ್ಲ.

ನಾಲ್ಕು ವರ್ಷದಿಂದ ಅದೇ ಒಂದು ಚಿತ್ರ, ಅದೇ ಮಾತು. ಬಯಲಾಟದ ಕಥೆ ಗೊತ್ತಿದ್ದೂ ಜನ ಬೆಳಗಿನ ತನಕ ಕೂರುವುದಿಲ್ಲವೇ, ಹಾಗೆ ಇದಕ್ಕೂ ಬರುತ್ತಾರೆ.

೧. ಅರಿಶಿನದ ಎಣ್ಣೆ

ಎಲ್ಲರ ಕಿಸೆಯಲ್ಲೂ ಫೋನಿದೆ, ಫೋನಿನಲ್ಲಿ ಬೇಕಾದಷ್ಟು ಸಿನಿಮಾ ಇದೆ. ಆದರೂ ಈ ಕತ್ತಲೆ ಗೋದಾಮಿಗೆ ಯಾಕೆ ಬರುತ್ತೀರಿ ಎಂದು ಕೊಟ್ಟೂರಿನಲ್ಲಿ ಒಬ್ಬ ಕುರಿ ಕಾಯುವ ಹಿರಿಯರನ್ನು ಕೇಳಿದೆ.

"ನಮ್ಮ ಸಿನಿಮಾದಾಗ ಹೀರೋ ನೂರು ಮಂದೀನ ಹೊಡೀತಾನ, ಅಂಗಿ ಇಸ್ತ್ರಿ ಮುರಿಯಂಗಿಲ್ಲ," ಅಂದರು. "ಈ ಪೊಲೀಸಪ್ಪ ಒಂದು ಗುದ್ದು ಗುದ್ದಿ, ತನ್ನ ಕೈ ತಾನ ಉಫ್ ಉಫ್ ಅಂತ ಊದ್ಕಂತಾನ ನೋಡ್ರಿ. ಅವಗ ನೋವಾಕ್ಕೈತಿ. ಅವ ನಮ್ಮಾವ."

ಮಾತು ನಿಜ. ಆದರೆ ಅವರು ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ವಾರ ಪೊಲೀಸಪ್ಪ ಮೊಣಕಾಲು ಹಿಡಿದು ಕೂತ ಹೊತ್ತಿಗೆ ಎದ್ದು ಬಂದು, ಮಡಿಲಿನಿಂದ ಅರಿಶಿನದ ಎಣ್ಣೆಯ ಸೀಸೆ ತೆಗೆದು, ಪರದೆಯ ಮೇಲಿನ ಮೊಣಕಾಲಿಗೆ ಸವರಿಬಿಟ್ಟರು. ಪೊಲೀಸಪ್ಪ ಎದ್ದು ಓಡಿದ, ಕಲೆ ಅಲ್ಲೇ ಉಳಿಯಿತು. ಅಂದಿನಿಂದ ಆ ಹಳದಿ ಕಲೆ ಒಬ್ಬರಿಂದ ಒಬ್ಬರ ಮೈಗೆ ದಾಟುತ್ತದೆ. ಕಳ್ಳನ ಎದೆಗೆ ಬರುತ್ತದೆ, ಅವನ ತಂಗಿಯ ಹಣೆಗೆ ಬರುತ್ತದೆ, ಯಾರೂ ಇಲ್ಲದ ಬೀದಿಯಲ್ಲಿ ಒಂಟಿಯಾಗಿ ನಿಂತಿರುತ್ತದೆ. ಎಷ್ಟೋ ಸಲ ನನಗೆ ಅದು ನಮ್ಮನ್ನೇ ನೋಡುತ್ತಿದೆ ಅನ್ನಿಸಿ ಮೈ ಜುಮ್ ಅಂದಿದೆ.

ಮಾಲೀಕರು ಬಟ್ಟೆ ಒಗೆಸುತ್ತೇನೆ ಅಂದಾಗ ಆ ಹಿರಿಯರು ಗದರಿದರು: "ಇನ್ನೂ ಎರಡು ಸಲ ಹಚ್ಚೋದೈತಿ. ಅಲ್ಲೀಮಟ ನೀರು ಮುಟ್ಟಿಸಬ್ಯಾಡ್ರಿ!"

೨. ಪೆಟ್ಟಿಗೆಯೊಳಗಿನ ನಗು

ನಮ್ಮ ಚಿತ್ರದ ದೊಡ್ಡ ಜಾಗ ಒಂದೇ. ಕಟ್ಟುತ್ತಿರುವ ಕಟ್ಟಡಕ್ಕೆ ಬಿಗಿದ ಬೊಂಬಿನ ತುದಿಯಲ್ಲಿ ಪೊಲೀಸಪ್ಪ ಕಳ್ಳನ ಜೊತೆ ಗುದ್ದಾಡುತ್ತಾನೆ. ಕೈ ಜಾರುತ್ತದೆ. ನಾಲ್ಕು ಅಂತಸ್ತಿನಿಂದ ಮೀನಿನ ಬುಟ್ಟಿಗಳ ಮೇಲೆ ಬೀಳುತ್ತಾನೆ. ಗೋದಾಮು ಹೋ ಎಂದು ನಗುತ್ತದೆ.

ಒಂದು ದಿನ ಕೂಡ್ಲಿಗಿಯಲ್ಲಿ ಪೊಲೀಸಪ್ಪನ ಎರಡೂ ಕಾಲು ಇನ್ನೂ ಬೊಂಬಿನ ಮೇಲೇ ಇದ್ದವು. ಹಿಂದಿನ ಮೂಲೆಯಿಂದ "ಹ್ಹೆ" ಅಂತ ಒಂದು ನಗು ಬಂತು. ಒಂದೇ ಒಂದು, ಒಣಗಿದ್ದು, ತುಕ್ಕು ಹಿಡಿದ ಬಾಗಿಲು ಸರಿದ ಹಾಗೆ. ಆಮೇಲೆ ಅವನು ಬಿದ್ದ.

ಎರಡು ದಿನ ಬಿಟ್ಟು ಹರಪನಹಳ್ಳಿಯಲ್ಲಿ ಅದೇ ನಗು, ಬೀಳುವ ಮೊದಲು. ನಂತರ ಹಡಗಲಿಯಲ್ಲಿ. ಒಂದು ತಿಂಗಳಲ್ಲಿ ಐದೂ ಊರಲ್ಲಿ ಕೇಳಿದೆ. ಪ್ರತಿ ಸಲವೂ ಬೆಳಕು ತಾಗದ ಹಿಂದಿನ ಮೂಲೆಯಿಂದಲೇ. ಆಟ ಮುಗಿದು ಶಟರ್ ಎತ್ತಿದರೆ ಬಿಸಿಲು ಕಣ್ಣಿಗೆ ಹೊಡೆದು ಯಾರ ಮುಖವೂ ಕಾಣುತ್ತಿರಲಿಲ್ಲ. ಕಣ್ಣು ಹೊಂದುವಷ್ಟರಲ್ಲಿ ಮೂಲೆ ಖಾಲಿ.

ಮಾಲೀಕರು ಬೆವತರು. "ಮೇಷ್ಟ್ರೇ, ಒಂದ ಊರಾಗಿದ್ದರ ಗೋದಾಮಿನ ದೆವ್ವ ಅನ್ನಬಹುದಿತ್ತು. ಐದೂ ಊರಾಗ ಐತಿ ಅಂದ್ರ ಅದು ನಮ್ಮ ಸ್ಪೀಕರ್ ಪೆಟ್ಟಿಗ್ಯಾಗ ಕುಂತು ನಮ್ಮ ಕೂಡ ಬರಾಕತೈತಿ." ಅಂದೇ ಪೆಟ್ಟಿಗೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು.

"ನಗ್ತೈತಿ ಅಂದ್ರ ಅದಕ್ಕೂ ಚಿತ್ರ ಹಿಡಿಸೈತಿ ಬಿಡ್ರಿ," ಅಂತ ನಾನು ಧೈರ್ಯ ಹೇಳಿದೆ.

"ನಗಲಿ, ಯಾರು ಬ್ಯಾಡ ಅಂದ್ರು? ಮಂದಿ ಜೊತಿ ನಗಲಿ. ಮೊದ್ಲ ನಕ್ಕು ಕತಿ ಯಾಕ ಬಿಟ್ಟು ಕೊಡ್ತೈತಿ?"

೩. ಸದ್ದಲೇ

ಹಡಗಲಿ ಎಂದರೆ ಮೈಲಾರಲಿಂಗನ ಸೀಮೆ. ಅಲ್ಲಿ ವರ್ಷಕ್ಕೊಮ್ಮೆ ಗೊರವಯ್ಯ ಎತ್ತರದ ಬಿಲ್ಲನ್ನೇರಿ "ಸದ್ದಲೇ!" ಎಂದು ಕೂಗುತ್ತಾನೆ. ಸೇರಿದ ಜನಸಾಗರ ಉಸಿರು ಬಿಗಿಹಿಡಿಯುತ್ತದೆ. ಆ ವರ್ಷದ ಭವಿಷ್ಯವನ್ನು ಒಂದೇ ಸಾಲಿನಲ್ಲಿ ನುಡಿದು ಅವನು ಮೇಲಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಅದೇ ಕಾರಣಿಕ. ಎತ್ತರದಿಂದ ಬೀಳುವವನು ಸುಮ್ಮನೆ ಬೀಳುವುದಿಲ್ಲ, ಏನೋ ಹೇಳಿ ಬೀಳುತ್ತಾನೆ ಎಂಬುದು ಅಲ್ಲಿನವರಿಗೆ ರಕ್ತದಲ್ಲೇ ಇದೆ.

ಅಂದು ಪೊಲೀಸಪ್ಪ ಬೊಂಬಿನ ತುದಿಗೆ ಬಂದ. ಯಾರೋ ಅಭ್ಯಾಸಬಲದಿಂದ "ಸದ್ದಲೇ!" ಎಂದು ಕೂಗಿಬಿಟ್ಟರು. ಇಡೀ ಗೋದಾಮು ಸ್ತಬ್ಧ. ಬಿಸಿಲಿಗೆ ಪಟಪಟ ಅನ್ನುತ್ತಿದ್ದ ತಗಡೂ ನಿಂತಂತಾಯಿತು. ಪರದೆಯ ಮೇಲೆ ಅವನ ತುಟಿ ಅಲುಗಿತು. ನಾಲ್ಕು ವರ್ಷದಿಂದ ನಾನಲ್ಲಿ ಹೇಳುವುದು "ಯವ್ವಾ, ಕೈ ಜಾರಿತು!" ಎಂದು. ಆ ಮೌನ ಎದೆಯ ಮೇಲೆ ಕೂತು ಅದೇನು ಮಾಡಿತೋ, ಬಾಯಿಂದ ಬೇರೆಯೇ ಬಂತು.

"ಮ್ಯಾಲಿದ್ದದ್ದು ಕೆಳಗ ಬಂತಲೇ ಪರಾಕ್!"

ಮೂಲೆಯಿಂದ "ಹ್ಹೆ." ಪೊಲೀಸಪ್ಪ ಬಿದ್ದ. ಯಾರೂ ನಗಲಿಲ್ಲ. ಎಲ್ಲ ಗಂಭೀರವಾಗಿ ಅರ್ಥ ಬಿಡಿಸತೊಡಗಿದರು. ಯಾರೋ ದೊಡ್ಡ ಕುರ್ಚಿಯವರು ಇಳಿಯುತ್ತಾರೆ ಎಂದು ಒಬ್ಬರು, ಮೇಲಿನ ಮೋಡ ಇಳಿಯುತ್ತದೆ ಎಂದು ಇನ್ನೊಬ್ಬರು.  ನಾನು ಮಾತ್ರ ದೇವರ ನುಡಿಯ ಧಾಟಿಯನ್ನು ಹೊಟ್ಟೆಪಾಡಿಗೆ ಎಳೆದೆನಲ್ಲ ಎಂದು ನಿಜಕ್ಕೂ ಹೆದರಿದೆ, ಮನೆಗೆ ಹೋಗಿ ಕೈಮುಗಿದು ತಪ್ಪಾಯಿತು ಎಂದೆ.

ಮುಂದಿನ ವಾರ ಹಿರೇಹಡಗಲಿಯ ಈರುಳ್ಳಿ ಬೆಳೆಯುವ ರೈತರೊಬ್ಬರು ಹುಡುಕಿಕೊಂಡು ಬಂದರು. "ಮೇಷ್ಟ್ರೇ, ನುಡಿ ಖರೇ ಆತು. ಉಳ್ಳಾಗಡ್ಡಿ ರೇಟು ದಬಕ್ಕನ ಬಿತ್ತು. ಈ ಸಲ ಪೊಲೀಸಪ್ಪಗ ಹೇಳ್ರಿ, ಕೆಳಗ ನಿಂತು ಮ್ಯಾಲಕ್ಕ ಜಿಗಿ ಅಂತ!"

೪. ನನ್ನ ಧ್ವನಿ, ನನ್ನದಲ್ಲದ ಬಾಯಿ

ಆ ನುಡಿ ನನ್ನ ಮೇಲೂ ಬಿತ್ತು. ನಾಲ್ಕೇ ದಿನದಲ್ಲಿ ದನಿ ಇಳಿಯಿತು. ಹರಪನಹಳ್ಳಿಯ ಡಾಕ್ಟರು ಗಂಟಲೊಳಗೆ ಬ್ಯಾಟರಿ ಬಿಟ್ಟು ನೋಡಿ, "ಗಂಟಾಗಿದೆ. ಒಂದು ತಿಂಗಳು ಮಾತು ಪೂರ್ತಿ ಬಂದ್, ಪಿಸುಮಾತೂ ಬೇಡ. ಕೇಳಲಿಲ್ಲ ಅಂದ್ರೆ ಧ್ವನಿ ಹೋಯ್ತು ಅಂತ ತಿಳ್ಕೊಳ್ಳಿ," ಎಂದರು.

ಧ್ವನಿ ಹೋದರೆ ನಾನೇನು? ನನಗೆ ಬೇರೆ ಕೆಲಸ ಬಾರದು. ನಾನಿಲ್ಲದಿದ್ದರೆ ಮಾಲೀಕರ ಪರದೆ ಬರೀ ಕಲೆಬಿದ್ದ ಬಟ್ಟೆ. ಹೇಳಲು ಧೈರ್ಯವಾಗದೆ, ಇನ್ನೊಂದೇ ಆಟ ಎಂದು ಹಗರಿಬೊಮ್ಮನಹಳ್ಳಿಯಲ್ಲಿ ಮೈಕು ಹಿಡಿದೆ.

ಅರ್ಧ ಚಿತ್ರಕ್ಕೆ ಗಂಟಲು ಕೈಕೊಟ್ಟಿತು. ಪೊಲೀಸಪ್ಪ ಬಾಯಿ ತೆರೆದ, ಸದ್ದಿಲ್ಲ. ಕಳ್ಳ ಬಾಯಿ ತೆರೆದ, ಸದ್ದಿಲ್ಲ. ಸತ್ತವರು ಎದ್ದು ಮಾತಾಡಲು ಹೆಣಗುತ್ತಿದ್ದಂತೆ ಕಂಡಿತು. ಅಷ್ಟರಲ್ಲಿ ಹಿಂದಿನ ಮೂಲೆಯ ಕತ್ತಲಿನಿಂದ ಮಾತು ಶುರುವಾಯಿತು.

"ಲೇ ಕಳ್ಳಾ, ನಿಂದ್ರಲೇ! ನನ್ನ ಚಪ್ಪಲಿ ಹರಿದಾವು, ಸಾವಕಾಶ ಓಡು!"

ನನ್ನದೇ ಮಾತು. ನನ್ನದೇ ಧಾಟಿ. ನಡುವೆ ನಾನು ಕೆಮ್ಮುವ ಕೆಮ್ಮು ಕೂಡ, ಸರಿಯಾಗಿ ಅದೇ ಜಾಗದಲ್ಲಿ. ನನ್ನ ಬಾಯಿ ಮುಚ್ಚಿದೆಯೋ ಇಲ್ಲವೋ ಎಂದು ಕೈಯಿಂದ ಮುಟ್ಟಿ ನೋಡಿಕೊಂಡೆ. ಮುಚ್ಚಿತ್ತು. ಮಾಲೀಕರು ಎಲ್ಲ ದೇವರನ್ನೂ ಒಟ್ಟಿಗೆ ಕರೆಯುತ್ತ ಓಡಿ ಶಟರ್ ಎತ್ತಿದರು.

ಮೂಲೆಯಲ್ಲಿ ಒಬ್ಬರು ಮುದುಕರು, ಪರದೆಗೆ ಮಗ್ಗುಲಾಗಿ, ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು. ಅಷ್ಟು ಬಿಸಿಲು ಬಿದ್ದರೂ ರೆಪ್ಪೆ ಅಲುಗಲಿಲ್ಲ. ಕೊಟ್ಟೂರು ಬಸ್‌ಸ್ಟ್ಯಾಂಡ್ ಹತ್ತಿರ ಗ್ಯಾರೇಜು ಇಟ್ಟಿದ್ದ ಚಾಚಾ. ಬ್ಯಾಟರಿ ಸಿಡಿದು ಎರಡೂ ಕಣ್ಣು ಹೋಗಿ ಆರು ವರ್ಷ. ಪರಿಚಯದ ಕಂಡಕ್ಟರುಗಳ ಕೈ ಹಿಡಿದು ಐದೂ ಊರಿಗೆ ಬರುತ್ತಿದ್ದರು. ಕಿವಿ ಸ್ಪೀಕರಿನ ಕಡೆಗಿದ್ದರೆ ಮುಖ ಗೋಡೆಗೆ ತಿರುಗುತ್ತಿತ್ತು, ಅಷ್ಟೆ.

"ಚಾಚಾ, ಕಣ್ಣಿಲ್ದ ಹೊಡೆದಾಟದ ಸಿನಿಮಾ ಯಾಕ?" ಎಂದು ಮಾಲೀಕರು ಕೇಳಿಯೇಬಿಟ್ಟರು.

"ಕಣ್ಣು ಹೋದ ಮ್ಯಾಲೆ ನಾನೂ ದಿನಾ ಬೀಳ್ತೀನ್ರಿ," ಅಂದರು ಚಾಚಾ. "ಕಟ್ಟೀಗೆ ಎಡವಿ, ಬಕೀಟಿಗೆ ಎಡವಿ. ನಾ ಬಿದ್ರ ಮನ್ಯಾಗ ಎಲ್ಲಾರೂ ಅಳ್ತಾರ. ಇಲ್ಲಿ ಒಬ್ಬಾಂವ ಬೀಳ್ತಾನ, ಎಲ್ಲಾರೂ ನಗ್ತಾರ, ಅವನೂ ಎದ್ದು ನಗ್ತಾನ. ಅದಕ್ಕ ಬರ್ತೀನಿ."

ನನಗೆ ಕಣ್ಣು ತುಂಬಿತು. ಬೀಳುವ ಮೊದಲೇ ನಿಮಗೆ ಹೇಗೆ ತಿಳಿಯುತ್ತದೆ ಎಂದು ಸನ್ನೆ ಮಾಡಿ ಮಾಲೀಕರ ಬಾಯಲ್ಲಿ ಕೇಳಿಸಿದೆ.

"ಪೊಲೀಸಪ್ಪ ಬೀಳೂಕ್ಕಿಂತ ಮೊದ್ಲ ಮೇಷ್ಟ್ರು ಮೈಕಿನಾಗ ಉಸಿರು ಹಿಡೀತಾರ. ನಾಲ್ಕು ವರ್ಷ ಆತು, ಅವರಿಗಿನ್ನೂ ಅವ ಬೀಳ್ತಾನಂತ ಭಯ."

ಮಾಲೀಕರು ಪೆಟ್ಟಿಗೆಗೆ ಕಟ್ಟಿದ್ದ ನಿಂಬೆಹಣ್ಣು ಬಿಚ್ಚಿದರು. ಅದನ್ನೇ ಹಿಂಡಿ ದೆವ್ವಕ್ಕೆ ಶರಬತ್ತು ಮಾಡಿ ಕುಡಿಸಿದರು.

೫. ಹೊಸ ಪೊಲೀಸಪ್ಪ

ಅಂದಿನಿಂದ ಸ್ಟೂಲಿನ ಮೇಲೆ ಚಾಚಾ, ಹಿಂದಿನ ಮೂಲೆಯಲ್ಲಿ ಮೂಕನಾಗಿ ನಾನು. ಚಿತ್ರ ಅವರಿಗೆ ಗಡಿಯಾರದಂತೆ ಬಾಯಿಪಾಠವಾಗಿತ್ತು. "ಶುರು" ಎಂದು ಹೆಗಲು ತಟ್ಟಿದರೆ ಸಾಕು, ಕೊನೆಯ ತನಕ ಒಂದು ಒದೆಯೂ ತಪ್ಪುತ್ತಿರಲಿಲ್ಲ. ಮೈಕು ಹಿಡಿದ ಮೇಲೆ ಚಾಚಾನ ಬೆನ್ನು ನೆಟ್ಟಗಾಗಿತ್ತು.

ನನ್ನ ತಿಂಗಳು ತುಂಬಲು ಎರಡು ದಿನ ಬಾಕಿ ಇತ್ತು. ಕೊಟ್ಟೂರು. ಮಾಲೀಕರು ಪೆನ್‌ಡ್ರೈವ್ ಸಿಕ್ಕಿಸಿ, ಚಾಚಾನ ಹೆಗಲು ತಟ್ಟಿ, ಶಟರ್ ಎಳೆದುಕೊಂಡು ಚಹಾಕ್ಕೆ ಹೋದರು.

ಪರದೆಯ ಮೇಲೆ ಪೊಲೀಸಪ್ಪ ಬರಲಿಲ್ಲ. ಬಾಸಿಂಗ ಕಟ್ಟಿದ ಮದುಮಗ ಬಂದ. ತೆಳ್ಳಗಿದ್ದ, ಮೀಸೆ ಹೊಸದು. ದಿಟ್ಟಿಸಿ ನೋಡಿದೆ. ನಮ್ಮ ಮಾಲೀಕರು! ಮನೆಯವರು ಹಳೆಯ ಮದುವೆ ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿದ್ದರು. ಎರಡು ಪೆನ್‌ಡ್ರೈವೂ ಒಂದೇ ಬಣ್ಣದವು.

ಚಾಚಾನಿಗೇನು ಗೊತ್ತು? ಗುಡುಗಿದರು: "ಇವನ ನೋಡ್ರಿ ಆ ಕಳ್ಳ! ಮಾರಿ ಮುಚ್ಕೊಂಡು ಹೆಂಗ ಬರಾಕತ್ತಾನ!"

ಗೋದಾಮು ಬಿದ್ದು ಬಿದ್ದು ನಕ್ಕಿತು. ಕೂಗಿ ನಿಲ್ಲಿಸೋಣವೆಂದರೆ ಡಾಕ್ಟರ ಆಣೆ. ಎದ್ದು ಮಶೀನು ಆರಿಸಬಹುದಿತ್ತು. ಚಾಚಾನ ಮುಖ ನೋಡಿದೆ, ಆ ನಗು ಕೇಳಿ ಅದು ಅರಳಿತ್ತು. ನನ್ನ ಕಾಲು ಏಳಲಿಲ್ಲ.

ಮಾವ ಅಳಿಯನ ಪಾದ ತೊಳೆದ. ಚಾಚಾ: "ಕಾಲು ಬಿಡಬ್ಯಾಡ್ರಿ, ಬಿಟ್ರ ಓಡ್ತಾನ!" ಅಕ್ಷತೆ ಬಿತ್ತು. "ಗುಂಡು ಹಾರ್ಸಾಕತ್ತಾರ, ತಲಿ ತಗ್ಗಸ್ರಿ!" ತಾಳಿ ಕಟ್ಟಿದ. "ಬೇಡಿ ಬಿತ್ತು! ಇನ್ನ ಜಾಮೀನು ಸಿಗಂಗಿಲ್ಲ ಮಗನ!" ಅಡ್ಡ ಬಂದ ಸೋದರತ್ತೆಗೆ ಪೊಲೀಸ್ ನಾಯಿಯ ಬೊಗಳು ಸರಿಯಾಗಿ ಕೂತಿತು.

ಆಮೇಲೆ ಬೊಂಬಿನ ಜಾಗ ಬಂತು. ಅಂದರೆ ಚಾಚಾನ ತಲೆಯೊಳಗೆ ಬಂತು. ಪರದೆಯ ಮೇಲೆ ಮದುಮಗ ಸುಮ್ಮನೆ ಮಂಟಪದ ಮೆಟ್ಟಿಲ ಮೇಲೆ ನಿಂತಿದ್ದ, ಆ ಹಳದಿ ಕಲೆ ಅವನ ಮೊಣಕಾಲಿನ ಮೇಲಿತ್ತು. ಮೈಕಿನಲ್ಲಿ ಚಾಚಾ ಉಸಿರು ಹಿಡಿದದ್ದು ಕೇಳಿಸಿತು. ಕತ್ತಲ ಮೂಲೆಯಲ್ಲಿ ಕೂತಿದ್ದ ನನ್ನೊಳಗಿಂದ, ನಾನು ಬಯಸದೆಯೇ, "ಹ್ಹೆ" ಎಂದು ನಗು ಬಂತು.

"ಬಿದ್ದಾ!" ಅಂದರು ಚಾಚಾ.

ಮದುಮಗನ ಕಾಲಿಗೆ ಪಂಚೆ ತೊಡರಿತು. ಬಿಂದಿಗೆ, ತಟ್ಟೆ, ಪುರೋಹಿತರ ಸಮೇತ ಅಂಗಾತ ಬಿದ್ದ. ನನ್ನ ಕೈಮೇಲಿನ ಕೂದಲೆಲ್ಲ ನೆಟ್ಟಗೆ ನಿಂತಿತು. ಎಲ್ಲಿಯ ಪೊಲೀಸಪ್ಪ, ಎಲ್ಲಿಯ ಮದುಮಗ, ಇಬ್ಬರೂ ಒಂದೇ ಗಳಿಗೆಗೆ ಬೀಳುವುದೆಂದರೇನು? ಗೋದಾಮಿನ ತಗಡು ಹಾರುವಂತೆ ಜನ ನಕ್ಕರು.

ಶಟರ್ ಎದ್ದಿತು. "ಬಂದ್ ಮಾಡ್ರಲೇ!" ಮಾಲೀಕರು ಚೀರಿದರು. "ಅದು ಸಿನಿಮಾ ಅಲ್ಲ, ನನ್ನ ಮದುವಿ!"

ಓಡಿ ಬಂದು ಮಶೀನಿನ ಗುಂಡಿ ಒತ್ತಿದರು, ಚಿತ್ರ ಅಲ್ಲೇ ನಿಂತಿತು, ನಗುವೂ ನಿಂತಿತು. ಜನ ಒಬ್ಬೊಬ್ಬರಾಗಿ ಹೊರಗೆ ಜಾರಿದರು. ಚಾಚಾ ಮೈಕನ್ನು ಮೆಲ್ಲಗೆ ನೆಲದ ಮೇಲೆ ಇಟ್ಟರು. ಮುಖ ಕಪ್ಪಿಟ್ಟಿತ್ತು.

"ಮಂದಿ ನಕ್ಕಿದ್ದು ನನ್ನ ನೋಡಿ ಅನ್ರಿ," ಅಂದರು. "ಕಣ್ಣಿಲ್ಲದಾಂವಗ ಯಾಕ ಬೇಕಿತ್ತು ಇದು. ಇನ್ನ ಬರಂಗಿಲ್ಲ ಮೇಷ್ಟ್ರೇ." ಎದ್ದು ಎರಡು ಹೆಜ್ಜೆ ಹಾಕಿ ನಿಂತರು. "ಒಂದ ಮಾತು. ಆ ಮೂಲಿಯಿಂದ ನಕ್ಕಿದ್ದು ನೀವ ಅಲ್ಲೇನು? ಬೀಳೂಕ್ಕಿಂತ ಮೊದ್ಲ ನಕ್ರಿ. ನಿಮಗ ಹೆಂಗ ಗೊತ್ತಾತು?"

ಇನ್ನೂ ಎರಡು ದಿನವಿತ್ತು. ತಲೆಯಾಡಿಸಿದರೆ ಚಾಚಾನಿಗೆ ಕಾಣದು, ಬರೆದು ತೋರಿಸಿದರೂ ಕಾಣದು. ಹೋದರೆ ಹೋಗಲಿ ಧ್ವನಿ ಎಂದು ಬಾಯಿ ತೆರೆದೆ.

"ನೀವು ಉಸಿರು ಹಿಡಿದ್ರಿ, ಚಾಚಾ. ಅವ ಬೀಳ್ತಾನಂತ ನಿಮಗ ಭಯ ಆತು. ನಾನು ನಿಮ್ಮನ್ನ ನೋಡಿ ನಗಲಿಲ್ಲ. ನಿಮ್ಮನ್ನ ಕೇಳಿ ನಕ್ಕೆ."

ಒರಟಾಗಿತ್ತು, ಒಡಕಾಗಿತ್ತು, ಆದರೆ ನನ್ನದೇ ಧ್ವನಿ. ಚಾಚಾ ನನ್ನ ದನಿಯ ಕಡೆ ಗಕ್ಕನೆ ತಿರುಗಿದರು. ಕೈ ಚಾಚಿ ಗಾಳಿಯಲ್ಲಿ ತಡಕಾಡಿದರು. ನಾನು ನೆಲದಿಂದ ಮೈಕೆತ್ತಿ ಅವರ ಕೈಗಿಟ್ಟೆ. ಅವರದನ್ನು ಬಿಡಲಿಲ್ಲ.

ಮಾಲೀಕರು ಪರದೆಯ ಮುಂದೆಯೇ ನಿಂತಿದ್ದರು. ಅಲ್ಲಿ, ಬಿಸಿಲಿಗೆ ಮಸುಕಾಗಿ, ಅವರು ಇನ್ನೂ ಬಿಂದಿಗೆಗಳ ನಡುವೆ ಅಂಗಾತ ಬಿದ್ದಿದ್ದರು. ತಮ್ಮನ್ನು ತಾವೇ ನೋಡಿ, ನಮ್ಮ ಕಡೆ ತಿರುಗಿದರು.

"ನೀವಿಬ್ಬರೂ ಆವತ್ತ ಎಲ್ಲಿಗೆ ಹೋಗಿದ್ರಲೇ? ಮಂಟಪದಾಗ ಒಬ್ಬಾಂವರ ಹಿಂಗ ಮೊದ್ಲ ನಕ್ಕಿದ್ರ, ನಾ ಬೀಳ್ತಿದ್ದಿಲ್ಲಲ್ಲೋ!"