ಶುದ್ಧ ಹಸುವಿನ ಹಾಲು, ಈಗ ಪೂರ್ತಿ ಸಿಂಥೆಟಿಕ್

ಎಂಜಿನ್ ಆಯಿಲ್ ವಿಷಯದಲ್ಲಿ ನನಗೆ ತಿಳಿಯದ್ದು ಏನೂ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆಗ ನನ್ನ ಪ್ರಾಮಾಣಿಕ ಅಭಿಪ್ರಾಯ ಅದಾಗಿತ್ತು, ಅಷ್ಟೆ.

ಶೀಳನೆರೆಯ ನಮ್ಮ ಬೀದಿಯ ಆರು ಮನೆಗಳ ಹಾಲನ್ನು ದಿನಾ ಬೆಳಿಗ್ಗೆ ಪಾಂಡವಪುರದ ಒಂದು ಹೋಟೆಲಿಗೆ ಹಾಕುವುದು ನನ್ನ ಕಸುಬು. ಆರು ಮನೆಗೂ ಆ ಹಾಲೇ ಜೀವನ. ಗಾಡಿ ಮೂರು ಲಕ್ಷ ಕಿಲೋಮೀಟರ್ ದಾಟಿದ ಹಳೇ ಲಗೇಜ್ ಗಾಡಿ. ಹಿಂಬಾಗಿಲ ಮೇಲೆ ‘ಶುದ್ಧ ಹಸುವಿನ ಹಾಲು’ ಎಂದು ಬರೆಸಿದ್ದೆ. ನನಗೆ ಮಾತ್ರ ಹಾಲು ಒಗ್ಗುವುದಿಲ್ಲ. ಅರ್ಧ ಲೋಟ ಕುಡಿದರೂ ಹೊಟ್ಟೆ ಗುಡುಗುಡು ಎನ್ನುತ್ತದೆ. ಆ ಹೋಟೆಲಿನಲ್ಲೂ ನಾನು ಕುಡಿಯುತ್ತಿದ್ದುದು ಹಾಲಿಲ್ಲದ ಟೀಯನ್ನೇ.

ಒಂದು ದಿನ ಆಯಿಲ್ ಬದಲಿಸಲು ಕೆ.ಆರ್. ಪೇಟೆಯ ಮೆಕ್ಯಾನಿಕ್ ನಯಾಜ್ ಭಾಯಿಯ ಗ್ಯಾರೇಜಿಗೆ ಹೋದೆ. ಮೊಬೈಲಿನಲ್ಲಿ ನೋಡಿದ್ದ ಒಂದೇ ಒಂದು ವಿಡಿಯೊದ ಬಲದ ಮೇಲೆ, ಇನ್ನು ಮುಂದೆ ಸಿಂಥೆಟಿಕ್ ಎಣ್ಣೆಯನ್ನೇ ಹಾಕತಕ್ಕದ್ದು ಎಂದು ಆಜ್ಞಾಪಿಸಿದೆ.

“ಎಣ್ಣೆ ಅಚ್ಛಾ ಐತೆ ಗೌಡ್ರೆ. ಬಿಸಿ ತಡೀತದೆ, ಬೇಗ ಕೆಡಲ್ಲ. ಆದ್ರೆ ನಿಮ್ದು ವಯಸ್ಸಾದ ಎಂಜಿನ್ನು. ಒಳಗಿನ ಹಳೇ ಗಸಿನೇ ಸವೆದಿರೋ ಸೀಲಿನ ಸಂದಿ ಮುಚ್ಕೊಂಡು ಮಾನ ಕಾಪಾಡ್ತಾ ಐತೆ. ಈ ಎಣ್ಣೆ ಗಸಿನೆಲ್ಲ ತೊಳೆದ್ಬುಡ್ತದೆ, ಆಮೇಲೆ ಸೋರ್ತದೆ. ಮೊದ್ಲು ಸೀಲು ಬದಲಾಯ್ಸೋಣ. ಎಲ್ಡು ದಿನ ಗಾಡಿ ಬುಟ್ಟೋಗಿ.”

“ಎಲ್ಡು ದಿನ ಹಾಲು ನಿಮ್ಮಪ್ಪ ತಗೊಂಡೋಯ್ತಾನಾ? ಸುಮ್ಕೆ ಉಯ್ಯಿ ಭಾಯಿ.”

ಸುಮ್ಮನೆ ಉಯ್ದರು. ಎಂಜಿನ್ನಿನ ಸದ್ದು ಎಷ್ಟು ಮೆತ್ತಗಾಯಿತೆಂದರೆ, ನನಗೆ ಸಂತೋಷ ತಡೆಯಲಾಗಲಿಲ್ಲ. ಪಕ್ಕದ ಸ್ಟಿಕ್ಕರ್ ಅಂಗಡಿಗೆ ಹೋಗಿ ‘ಈಗ ಪೂರ್ತಿ ಸಿಂಥೆಟಿಕ್’ ಎಂದು ಕೆಂಪು ಅಕ್ಷರ ಮಾಡಿಸಿ ಹಿಂಬಾಗಿಲಿಗೆ ಅಂಟಿಸಿದೆ. ಖಾಲಿ ಜಾಗ ಇದ್ದದ್ದು ಒಂದೇ ಕಡೆ. ‘ಶುದ್ಧ ಹಸುವಿನ ಹಾಲು’ ಎಂಬುದರ ಕೆಳಗೆ.

ಹೆಂಡತಿ ಜಯ ಅದನ್ನು ಎರಡು ಸಲ ಓದಿದಳು.

“ಇದೇನ್ರೀ, ಹಾಲಿನ ಕೆಳ್ಗೆ?”

“ಎಂಜಿನ್ ವಿಚಾರ ಕಣೆ. ನಿಂಗೆ ಅರ್ಥ ಆಗಕಿಲ್ಲ.”

“ನಂಗೆ ಆಗೋದು ಬ್ಯಾಡ. ಹೋಟ್ಲಿನೋರ್ಗೆ ಆಗ್ದಿದ್ರೆ ಸಾಕು.”

ನಾಲ್ಕನೆಯ ದಿನ ಕ್ಯಾನು ಇಳಿಸುತ್ತಿದ್ದೆ. ಹೋಟೆಲಿನ ಯಜಮಾನ ರಾಜಣ್ಣ ಗಾಡಿಯ ಹಿಂದೆ ನಿಂತು ಬಾಗಿಲನ್ನು ಓದಿ, ಬಗ್ಗಿ ಗಾಡಿಯ ಕೆಳಗೆ ನೋಡಿದ. ಅಲ್ಲಿ ತೊಟತೊಟನೆ ಎಣ್ಣೆ ಸೋರುತ್ತಿತ್ತು. ನಾನಿನ್ನೂ ಅದನ್ನು ನೋಡಿರಲಿಲ್ಲ.

“ಏನ್ ಗೌಡ್ರೆ, ಸಿಂಥೆಟಿಕ್ ಹಾಕ್ತಾ ಇದ್ದೀರಾ?”

“ಊಂ ಕಣಣ್ಣ. ನಾಕು ದಿನ ಆಯ್ತು.”

ಅವನ ಮುಖ ಬಿಳುಚಿಕೊಂಡಿತು. ಮೆಚ್ಚುಗೆ ಎಂದುಕೊಂಡೆ.

“ಎಣ್ಣೇನಾ?”

“ಎಣ್ಣೇನೇ. ಮೂರು ಲೀಟರ್ ಹಿಡೀತದೆ. ಎಷ್ಟು ಕಾದ್ರೂ ಒಡೆಯಕಿಲ್ಲ, ತಿಂಗಳಾನುಗಟ್ಲೆ ಕೆಡಕಿಲ್ಲ. ಸೋಪಾಕ್ದಂಗೆ ಒಳಗೆಲ್ಲ ತೊಳೆದ್ಬುಡ್ತದೆ.”

“ಅದಕ್ಕೇಯಾ ನೀವು ನಿಮ್ಮ ಹಾಲು ಕುಡೀದೇ ಇರೋದು?”

ಎಣ್ಣೆ, ಸೋಪಿನ ಪುಡಿ ಕಲಸಿ ಮಾಡುವ ಕಳ್ಳ ಹಾಲಿಗೂ ಜನ ಸಿಂಥೆಟಿಕ್ ಎಂದೇ ಅನ್ನುತ್ತಾರೆ. ಅದು ನನ್ನ ತಲೆಗೆ ಹೊಳೆಯುವ ಹೊತ್ತಿಗೆ ಕಾಫಿ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದರು. ಎಂಜಿನ್ನು, ಗಸಿ, ಸೀಲು ಎಂದು ಏನೇನೋ ವಿವರಿಸಿದೆ. ವಿವರಿಸಿದಷ್ಟೂ ಕಳ್ಳನ ಹಾಗೆ ಕಂಡೆ. ರಾಜಣ್ಣ ಕ್ಯಾನುಗಳನ್ನು ಮತ್ತೆ ಗಾಡಿಗೇ ಏರಿಸಿದ.

ಅರ್ಧ ದಾರಿಯಲ್ಲಿ ಆಯಿಲ್ ದೀಪ ಕೆಂಪಗೆ ಹತ್ತಿತು. ಗಾಡಿ ನಿಲ್ಲಿಸಿ ನಯಾಜ್ ಭಾಯಿಗೆ ಫೋನು ಮಾಡಿದೆ. ಅವರು ಬಂದು ಹಗ್ಗ ಕಟ್ಟಿ ಎಳೆದುಕೊಂಡು ಹೋದರು. “ಎಣ್ಣೆದೇನೂ ತಪ್ಪಿಲ್ಲ ಗೌಡ್ರೆ” ಎಂದರು. ಯಾರದ್ದು ತಪ್ಪು ಎಂದು ಹೇಳಲಿಲ್ಲ. ದೊಡ್ಡ ಮನುಷ್ಯ.

ಕ್ಯಾನುಗಳೊಂದಿಗೆ ಊರು ಸೇರುವಷ್ಟರಲ್ಲಿ ಬಿಸಿಲಿಗೆ ಹಾಲು ಒಡೆದಿತ್ತು. ಒಂದೇ ಹಸು ಸಾಕಿರುವ ಪಕ್ಕದ ಮನೆಯ ನಿಂಗಮ್ಮ ಕ್ಯಾನಿನೊಳಗೆ ಇಣುಕಿ, “ನನ್ನ ಹಸ ಏನ್ ತಪ್ಪು ಮಾಡಿತ್ತಪ್ಪ?” ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಮಾತಿಗೆ ತಲೆ ಎತ್ತಲಾಗಲಿಲ್ಲ. ಬೆಳಿಗ್ಗೆಯಿಂದ ಕಟ್ಟಿಕೊಂಡಿದ್ದ ಅಳು ಬಂದೇಬಿಟ್ಟಿತು.

ಮಾರನೆಯ ದಿನ ಜಯ, ನಿಂಗಮ್ಮ ಇಬ್ಬರೂ ಒಂದು ಕ್ಯಾನು ಹಿಡಿದು ಬಸ್ಸಿನಲ್ಲಿ ಪಾಂಡವಪುರಕ್ಕೆ ಹೋದರು. ರಾಜಣ್ಣನ ಎದುರೇ ಹಾಲು ಕಾಯಿಸಿ, ಕೆನೆ ತೋರಿಸಿ, ತಾವೂ ಕುಡಿದರು. ಕೊನೆಗೆ ಅವನು ಒಪ್ಪಿದ. ಆದರೆ ಒಂದು ಷರತ್ತು ಹಾಕಿದ: ದಿನಾ ಬೆಳಿಗ್ಗೆ, ಗಿರಾಕಿಗಳ ಮುಂದೆ, ಪ್ರತಿ ಕ್ಯಾನಿನಿಂದಲೂ ಒಂದೊಂದು ಲೋಟ ಹಾಲನ್ನು ನಾನೇ ಕುಡಿಯಬೇಕು.

“ಎಷ್ಟು ಕ್ಯಾನು?” ಎಂದು ಕೇಳಿದೆ, ನನಗೇ ಗೊತ್ತಿಲ್ಲದವನಂತೆ.

“ಮೂರು. ನಾನು ಒಪ್ಕೊಂಡು ಬಂದಿವ್ನಿ” ಎಂದಳು ಜಯ.

ಈಗ ಗಾಡಿಗೆ ಹೊಸ ಸೀಲು ಬಿದ್ದಿದೆ. ಅದೇ ಸಿಂಥೆಟಿಕ್ ಎಣ್ಣೆಯಲ್ಲಿ ಸೊಗಸಾಗಿ ಓಡುತ್ತಿದೆ, ಒಂದು ತೊಟ್ಟೂ ಸೋರುವುದಿಲ್ಲ. ಆರು ಮನೆಯ ಹಾಲೂ ಹೋಟೆಲು ಸೇರುತ್ತಿದೆ. ಸ್ಟಿಕ್ಕರನ್ನು ಜಯ ಉಗುರಿನಿಂದಲೇ ಕೆರೆದು ತೆಗೆದಳು.

ಮೊನ್ನೆ ಹಾಲು ಹಾಕಿ ನೇರ ಗ್ಯಾರೇಜಿಗೆ ಹೋದೆ. ನಯಾಜ್ ಭಾಯಿ ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು ನೋಡಿ, “ಒಳಗೆಲ್ಲ ಸಾಫ್ ಗೌಡ್ರೆ. ಗಸಿ ಒಂದ್ ಚೂರೂ ನಿಂತಿಲ್ಲ” ಎಂದರು.

ಅವರು ಹೇಳಿದ್ದು ಎಂಜಿನ್ನಿನ ಬಗ್ಗೆ. ನನ್ನದೂ ಅದೇ ಸ್ಥಿತಿ ಎಂದು ತಿಳಿಸಲು ಪುರುಸೊತ್ತಿಲ್ಲದೆ, ಗ್ಯಾರೇಜಿನ ಹಿಂದಿದ್ದ ಕಕ್ಕಸಿಗೆ ಓಡಿದೆ.